ಮಕ್ಕಳಿಲ್ಲದ ಶಾಲೆ: ಜಪಾನಿನ ಪಾಳು ಕಟ್ಟಡಗಳು ಹೇಳುವ ಕಥೆ

ಪಾಳುಬಿದ್ದ ಕೋಟೆಯ ಮುಂದೆ ನಿಂತವರು, ಇದನ್ನು ಕಟ್ಟಿಸಿದ ಅರಸ ಯಾರು, ಕೆಡವಿದ ದಂಡು ಯಾವುದು ಎಂದು ಕೇಳುತ್ತಾರೆ. ಪಾಳುಬಿದ್ದ ದೇಗುಲದ ಮುಂದೆ ನಿಂತವರು ಮೂರ್ತಿ ಎಲ್ಲಿಗೆ ಹೋಯಿತು ಎಂದು ಕೇಳುತ್ತಾರೆ. ಪಾಳುಬಿದ್ದ ಶಾಲೆಯ ಮುಂದೆ ಹುಟ್ಟುವ ಪ್ರಶ್ನೆ ಮಾತ್ರ ಬೇರೆ: ಮಕ್ಕಳು ಎಲ್ಲಿಗೆ ಹೋದರು?

ಜಗತ್ತಿನಲ್ಲಿ ಈ ಪ್ರಶ್ನೆಯನ್ನು ಅತಿ ಹೆಚ್ಚು ಬಾರಿ ಕೇಳಿಕೊಳ್ಳಬೇಕಾಗಿ ಬಂದಿರುವ ದೇಶಗಳಲ್ಲಿ ಜಪಾನ್ ಒಂದು. ಅಲ್ಲಿನ ಶಿಕ್ಷಣ ಸಚಿವಾಲಯ 2021ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, 2002ರಿಂದ 2020ರವರೆಗಿನ ಅವಧಿಯಲ್ಲಿ ಬಾಗಿಲು ಮುಚ್ಚಿದ ಸಾರ್ವಜನಿಕ ಶಾಲೆಗಳ ಸಂಖ್ಯೆ 8,580. ಅಂದರೆ ವರ್ಷಕ್ಕೆ ಸರಾಸರಿ 450 ಶಾಲೆಗಳು. ಇವುಗಳಲ್ಲಿ 7,398 ಶಾಲೆಗಳ ಕಟ್ಟಡಗಳು ಆಗಿನ್ನೂ ನಿಂತಿದ್ದವು. ಸುಮಾರು ಮುಕ್ಕಾಲು ಪಾಲು ಬೇರೆ ಬೇರೆ ಕೆಲಸಗಳಿಗೆ ಬಳಕೆಯಾಗುತ್ತಿದ್ದರೆ, ಉಳಿದ ಕಾಲು ಪಾಲು, ಅಂದರೆ 1,900ಕ್ಕೂ ಹೆಚ್ಚು ಕಟ್ಟಡಗಳು ಖಾಲಿ ಬಿದ್ದಿದ್ದವು. ಗೋಡೆಯ ಗಡಿಯಾರ ನಿಂತುಹೋಗಿದೆ, ಆಟದ ಮೈದಾನದಲ್ಲಿ ಹುಲ್ಲು ಎದೆಯೆತ್ತರಕ್ಕೆ ಬೆಳೆದಿದೆ, ಒಳಗೆ ಪುಟ್ಟ ಕುರ್ಚಿಗಳು ಸಾಲಾಗಿ ಕಾಯುತ್ತಿವೆ. ಜಪಾನಿನ ಗುಡ್ಡಗಾಡಿನಲ್ಲಿ ಇದು ಅಪರೂಪದ ನೋಟವೇನಲ್ಲ.

ಮುಚ್ಚಿದ ಶಾಲೆಗೆ ಜಪಾನಿ ಭಾಷೆಯಲ್ಲಿ 'ಹೈಕೋ' ಎನ್ನುತ್ತಾರೆ. ಪಾಳುಕಟ್ಟಡಕ್ಕೆ 'ಹೈಕ್ಯೊ' ಎಂಬ ಹೆಸರಿದೆ. ಎರಡರಲ್ಲೂ ಇರುವ 'ಹೈ' ಎಂಬ ಅಕ್ಷರಕ್ಕೆ ತ್ಯಜಿಸಿದ್ದು, ಬಳಕೆ ತಪ್ಪಿದ್ದು ಎಂಬ ಅರ್ಥ. ಇಂತಹ ಕಟ್ಟಡಗಳನ್ನು ಹುಡುಕಿಕೊಂಡು ಹೋಗಿ ನೋಡುವ, ಚಿತ್ರ ತೆಗೆಯುವ ಹವ್ಯಾಸಿಗಳ ಒಂದು ಬಳಗವೇ ಅಲ್ಲಿ ಬೆಳೆದಿದೆ. ಅವರಿಗೆ ಗಣಿ, ಆಸ್ಪತ್ರೆ, ಹೋಟೆಲುಗಳ ಜತೆಗೆ ಶಾಲೆಗಳೂ ಬಲು ಪ್ರಿಯ. ಕಾರಣ ಸರಳ. ಗಣಿಯನ್ನು ಕಂಡವರು ಕೆಲವರು, ಶಾಲೆಯನ್ನು ಕಾಣದವರು ಯಾರೂ ಇಲ್ಲ.

ಒಲೆಯ ಲೆಕ್ಕದಲ್ಲಿ ಕಟ್ಟಿದ ಶಾಲೆ

ಒಂದು ಕಟ್ಟಡ ಬಿಟ್ಟುಹೋದುದರ ನೋವು ತಿಳಿಯಬೇಕಾದರೆ ಅದನ್ನು ಕಟ್ಟಿದವರು ಯಾರೆಂಬುದು ತಿಳಿದಿರಬೇಕು. ಜಪಾನಿನಲ್ಲಿ ರಾಷ್ಟ್ರೀಯ ಶಿಕ್ಷಣ ಪದ್ಧತಿ ಜಾರಿಗೆ ಬಂದುದು 1872ರಲ್ಲಿ. ಆದರೆ ಕ್ಯೋಟೊ ನಗರದ ಜನ ಅದಕ್ಕೂ ಕಾಯಲಿಲ್ಲ. ರಾಜಧಾನಿಯ ಪಟ್ಟ ಟೋಕಿಯೊಗೆ ಹೋದಾಗ ತಮ್ಮ ಊರು ಕ್ಷೀಣಿಸುವುದೆಂಬ ಭಯ ಅವರನ್ನು ಕಾಡಿತ್ತು. ಮುಂದಿನ ಪೀಳಿಗೆಗೆ ವಿದ್ಯೆ ಕೊಟ್ಟರೆ ಮಾತ್ರ ಊರು ಉಳಿದೀತು ಎಂದು 1869ರ ಒಂದೇ ವರ್ಷದಲ್ಲಿ ಅವರು 64 ಪ್ರಾಥಮಿಕ ಶಾಲೆಗಳನ್ನು ತೆರೆದರು. ಇದಕ್ಕಾಗಿ ಮನೆ ಮನೆಯಿಂದ 'ಒಲೆಯ ಹಣ' ಎತ್ತಲಾಯಿತು. ಮನೆಯಲ್ಲಿ ಮಕ್ಕಳಿರಲಿ, ಇಲ್ಲದಿರಲಿ, ಒಲೆ ಉರಿಯುವ ಮನೆಯೆಲ್ಲ ಶಾಲೆಗೆ ಹಣ ಕೊಡಬೇಕು ಎಂಬುದು ಅದರ ಹಿಂದಿನ ತತ್ವ. ಹಾಗೆ ಕಟ್ಟಿದ ಶಾಲೆ ಬರೀ ಪಾಠದ ಮನೆಯಾಗಿರಲಿಲ್ಲ. ಕೇರಿಯ ಸಭೆ ಸೇರುತ್ತಿದ್ದುದು, ಬೆಂಕಿ ಬಿದ್ದರೆ ಕಾವಲು ಗೋಪುರದಿಂದ ಎಚ್ಚರಿಸುತ್ತಿದ್ದುದು ಅಲ್ಲಿಂದಲೇ.

ನಗಾನೊ ಪ್ರಾಂತ್ಯದ ಮತ್ಸುಮೊಟೊ ಊರಿನ ಕೈಚಿ ಶಾಲೆಯದೂ ಇಂಥದೇ ಕಥೆ. ತತೆಯಿಶಿ ಸೆಯಿಜು ಎಂಬ ಬಡಗಿ ಟೋಕಿಯೊ, ಯೊಕೊಹಾಮಾಗಳಿಗೆ ಹೋಗಿ ಪಾಶ್ಚಾತ್ಯ ಶೈಲಿಯ ಕಟ್ಟಡಗಳನ್ನು ಕಣ್ಣಾರೆ ನೋಡಿ ಬಂದು 1876ರಲ್ಲಿ ಇದನ್ನು ಕಟ್ಟಿದ. ಮೇಲೆ ಎಂಟು ಮೂಲೆಯ ಗೋಪುರ, ಬಾಗಿಲ ಮೇಲೆ ಒಂದೆಡೆ ಜಪಾನಿ ಡ್ರ್ಯಾಗನ್, ಇನ್ನೊಂದೆಡೆ ಶಾಲೆಯ ಹೆಸರು ಹಿಡಿದ ಪಾಶ್ಚಾತ್ಯ ದೇವದೂತರು! ಈ ಕಟ್ಟಡಕ್ಕೆ ತಗುಲಿದ ವೆಚ್ಚದ ಸುಮಾರು ಶೇ 70 ಭಾಗ ಊರ ಜನರ ವಂತಿಗೆ. 1963ರವರೆಗೆ ಅಲ್ಲಿ ಪಾಠ ನಡೆಯಿತು. ಈಗ ವಸ್ತು ಸಂಗ್ರಹಾಲಯವಾಗಿರುವ ಆ ಕಟ್ಟಡಕ್ಕೆ 2019ರಲ್ಲಿ ರಾಷ್ಟ್ರೀಯ ನಿಧಿಯ ಮನ್ನಣೆ ಸಿಕ್ಕಿತು.

ಎಲ್ಲರೂ ಶಾಲೆಯನ್ನು ಹೂಹಾರ ಹಾಕಿ ಸ್ವಾಗತಿಸಿದರು ಎಂದೇನೂ ಅಲ್ಲ. ಮೊದಲಿಗೆ ಶುಲ್ಕ ಕೊಡಬೇಕಿತ್ತು, ಹೊಲದ ಕೆಲಸಕ್ಕೆ ಬೇಕಾದ ಮಕ್ಕಳನ್ನು ಶಾಲೆಗೆ ಕಳುಹಿಸಬೇಕಿತ್ತು. 1873ರ ರೈತ ದಂಗೆಗಳಲ್ಲಿ ಹೊಸ ಶಾಲೆಗಳಿಗೆ ಬೆಂಕಿ ಇಟ್ಟ ಪ್ರಸಂಗಗಳೂ ನಡೆದಿವೆ. 1900ರಲ್ಲಿ ಪ್ರಾಥಮಿಕ ಶಿಕ್ಷಣದ ಶುಲ್ಕ ರದ್ದಾದ ಮೇಲೆ ಶಾಲೆ ನಿಜಕ್ಕೂ ಊರಿನದಾಯಿತು. ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಕೊಠಡಿಯಲ್ಲಿ ಕೂತು ಓದಿದ, ಒಂದೇ ಶಾಲಾಗೀತೆ ಹಾಡಿದ ಮನೆತನಗಳು ಹಳ್ಳಿಹಳ್ಳಿಗಳಲ್ಲಿ ಹುಟ್ಟಿಕೊಂಡವು.

ಮಕ್ಕಳು ಎಲ್ಲಿಗೆ ಹೋದರು?

ಉತ್ತರ ಅಂಕಿಗಳಲ್ಲಿದೆ. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ ಮೇಲೆ ಜಪಾನಿನಲ್ಲಿ ಜನನ ಪ್ರಮಾಣ ಏರಿತು. 1949ರಲ್ಲಿ ಹುಟ್ಟಿದ ಮಕ್ಕಳು ಸುಮಾರು 27 ಲಕ್ಷ. ಆ ಪೀಳಿಗೆ ಶಾಲೆಯಲ್ಲಿದ್ದ 1958ರಲ್ಲಿ ಪ್ರಾಥಮಿಕ ಶಾಲಾ ಮಕ್ಕಳ ಸಂಖ್ಯೆ 1.34 ಕೋಟಿ ದಾಟಿತ್ತು. 2023ರಲ್ಲಿ ಆ ಸಂಖ್ಯೆ ಸುಮಾರು 60 ಲಕ್ಷಕ್ಕೆ ಇಳಿಯಿತು. 2024ರಲ್ಲಂತೂ ಇಡೀ ದೇಶದಲ್ಲಿ ಹುಟ್ಟಿದ ಮಕ್ಕಳು ಏಳು ಲಕ್ಷಕ್ಕೂ ಕಡಿಮೆ. 1950ರ ದಶಕದ ಕೊನೆಯಲ್ಲಿ 27 ಸಾವಿರದಷ್ಟಿದ್ದ ಪ್ರಾಥಮಿಕ ಶಾಲೆಗಳು 2023ರ ವೇಳೆಗೆ 19 ಸಾವಿರಕ್ಕಿಂತ ಕೆಳಗೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಹುಟ್ಟುವ ಮಕ್ಕಳು ಕಡಿಮೆಯಾದರು ಎಂಬುದಷ್ಟೇ ಕಾರಣವಲ್ಲ. ಇದ್ದ ಮಕ್ಕಳೂ ಊರು ಬಿಟ್ಟರು. ಯುದ್ಧಾನಂತರದ ಕೈಗಾರಿಕೆಗಳು ಗುಡ್ಡದ ಹಳ್ಳಿಗಳ ಯುವಕರನ್ನು ಟೋಕಿಯೊ, ಒಸಾಕಾ, ನಗೋಯಾಗಳಿಗೆ ಎಳೆದುಕೊಂಡವು. ಹಳ್ಳಿಗಳು ಬರಿದಾಗುವುದು ಎಷ್ಟು ದೊಡ್ಡ ಸಮಸ್ಯೆಯಾಯಿತೆಂದರೆ 1970ರಲ್ಲಿ ಅದಕ್ಕೆಂದೇ ವಿಶೇಷ ಕಾನೂನು ತರಬೇಕಾಯಿತು.

ಕಲ್ಲಿದ್ದಲ ಊರುಗಳ ಪಾಡು ಇನ್ನೂ ದಾರುಣ. ಇಂಧನವಾಗಿ ಪೆಟ್ರೋಲಿಯಂ ಬಂದಂತೆ ಗಣಿಗಳು ಒಂದೊಂದಾಗಿ ಮುಚ್ಚಿದವು. ನಾಗಸಾಕಿಯ ಬಳಿಯ ಹಶಿಮಾ ದ್ವೀಪದ ವಿಸ್ತೀರ್ಣ ಕೇವಲ 6.3 ಹೆಕ್ಟೇರ್. 1959ರಲ್ಲಿ ಅಲ್ಲಿ 5,259 ಜನ ವಾಸವಾಗಿದ್ದರು. ಜಾಗವಿಲ್ಲದ ಕಾರಣ ಶಾಲೆಯನ್ನೂ ಏಳು ಅಂತಸ್ತಿಗೆ ಏರಿಸಲಾಗಿತ್ತು. 1974ರ ಜನವರಿಯಲ್ಲಿ ಗಣಿ ಮುಚ್ಚಿತು. ಏಪ್ರಿಲ್ ಹೊತ್ತಿಗೆ ದ್ವೀಪದಲ್ಲಿ ಒಬ್ಬರೂ ಉಳಿಯಲಿಲ್ಲ. ಅಲೆಗಳು ತಳದ ಮಣ್ಣನ್ನು ಕೊಚ್ಚಿಕೊಂಡು ಹೋಗಿ ಶಾಲೆಯ ಅಡಿಪಾಯದ ಕಂಬಗಳು ಬತ್ತಲಾಗಿವೆ. 2015ರಲ್ಲಿ ಈ ದ್ವೀಪ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಯುದ್ಧಕಾಲದಲ್ಲಿ ಕೊರಿಯಾ ಮತ್ತು ಚೀನಾದವರನ್ನು ಬಲವಂತವಾಗಿ ಇಲ್ಲಿ ದುಡಿಸಿಕೊಂಡ ಇತಿಹಾಸವನ್ನು ಸರಿಯಾಗಿ ಹೇಳುತ್ತಿಲ್ಲ ಎಂಬ ವಿವಾದವೂ ಅದರ ಜತೆಗೇ ಬಂತು.

ಹೊಕ್ಕೈಡೊದ ಯೂಬಾರಿ ಇನ್ನೊಂದು ಉದಾಹರಣೆ. 1960ರಲ್ಲಿ ಒಂದು ಲಕ್ಷಕ್ಕೂ ಮೀರಿ ಜನರಿದ್ದ ಈ ಗಣಿ ಪಟ್ಟಣ ಗಣಿಗಳು ಮುಚ್ಚಿದ ಮೇಲೆ ಸೊರಗಿ, 2007ರಲ್ಲಿ ಅಧಿಕೃತವಾಗಿಯೇ ದಿವಾಳಿಯಾಯಿತು. ಊರಿನ ಶಾಲೆಗಳನ್ನೆಲ್ಲ ಸೇರಿಸಿ ಒಂದು ಪ್ರಾಥಮಿಕ ಶಾಲೆ, ಒಂದು ಮಾಧ್ಯಮಿಕ ಶಾಲೆ ಮಾತ್ರ ಉಳಿಸಿಕೊಳ್ಳಲಾಯಿತು.

ಇದರ ಮೇಲೆ ಆಡಳಿತದ ಲೆಕ್ಕಾಚಾರ ಬೇರೆ. 1999ರಿಂದ 2010ರವರೆಗೆ ನಡೆದ ವಿಲೀನ ಕಾರ್ಯದಲ್ಲಿ ಜಪಾನಿನ ಸ್ಥಳೀಯ ಸಂಸ್ಥೆಗಳ ಸಂಖ್ಯೆ 3,232ರಿಂದ 1,727ಕ್ಕೆ ಇಳಿಯಿತು. ಊರುಗಳು ಒಂದಾದಾಗ ಶಾಲೆಗಳೂ ಒಂದಾದವು. ಪ್ರಾಥಮಿಕ ಶಾಲೆಯ ಮಗು ನಡೆಯಬೇಕಾದ ದೂರ ನಾಲ್ಕು ಕಿಲೋಮೀಟರ್ ಮೀರಬಾರದು ಎಂಬುದು ಹಳೆಯ ಮಾನದಂಡ. 2015ರ ಮಾರ್ಗಸೂಚಿ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣವನ್ನೂ ಒಪ್ಪಿಕೊಂಡಿತು. ಮಗು ಬೆಳಗಾದರೆ ಬಸ್ಸು ಹತ್ತಿ ಹೊರಟುಹೋಗುತ್ತದೆ. ಹಗಲಿಡೀ ಊರಿನಲ್ಲಿ ಮಕ್ಕಳ ಸದ್ದೇ ಇಲ್ಲ. ಮಕ್ಕಳಿರುವ ದಂಪತಿ ಅಂತಹ ಊರಿಗೆ ಬಂದು ನೆಲೆಸಲು ಹಿಂಜರಿಯುತ್ತಾರೆ. ಜನ ಇಲ್ಲವೆಂದು ಶಾಲೆ ಮುಚ್ಚುತ್ತದೆ, ಶಾಲೆ ಇಲ್ಲವೆಂದು ಜನ ಬರುವುದಿಲ್ಲ. ಈ ಸುಳಿಯಿಂದ ಪಾರಾದ ಹಳ್ಳಿಗಳು ವಿರಳ.

ಕಟ್ಟಡ ಓದುವ ಬಗೆ

ಪಾಳು ಶಾಲೆಯ ಒಳಹೊಕ್ಕವರಿಗೆ ಮೊದಲು ಕಾಣುವುದು ಪಾದರಕ್ಷೆ ಇಡುವ ಪುಟ್ಟ ಗೂಡುಗಳ ಸಾಲು. ಜಪಾನಿನಲ್ಲಿ ಮಕ್ಕಳು ಬೀದಿಯ ಪಾದರಕ್ಷೆ ತೊಟ್ಟು ತರಗತಿಗೆ ಹೋಗುವಂತಿಲ್ಲ. ಕೆಲವೆಡೆ ಗೂಡಿನ ಮೇಲೆ ಅಂಟಿಸಿದ ಹೆಸರಿನ ಚೀಟಿಗಳು ಇನ್ನೂ ಉಳಿದಿರುತ್ತವೆ.

ಹಳೆಯ ಮರದ ಶಾಲೆಗಳಲ್ಲಿ ಇನ್ನೊಂದು ಸಂಗತಿ ಗಮನಿಸಬಹುದು. ಊರು ಯಾವುದಾದರೂ ಸರಿ, ತರಗತಿಗಳು ದಕ್ಷಿಣಕ್ಕೆ, ಉದ್ದನೆಯ ಪಡಸಾಲೆ ಉತ್ತರಕ್ಕೆ ಇರುವುದೇ ಹೆಚ್ಚು. ಕೊಠಡಿಯ ಅಳತೆಯೂ ಹೆಚ್ಚುಕಡಿಮೆ ಒಂದೇ, ಏಳು ಮೀಟರ್ ಅಗಲ, ಒಂಬತ್ತು ಮೀಟರ್ ಉದ್ದ. ಕರಿಹಲಗೆಯತ್ತ ಮುಖ ಮಾಡಿ ಕೂತ ಮಗುವಿಗೆ ಬೆಳಕು ಎಡಗಡೆಯ ಕಿಟಕಿಯಿಂದ ಬೀಳುತ್ತದೆ. ಬಲಗೈಯಲ್ಲಿ ಬರೆಯುವಾಗ ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದೆಂಬ ಎಚ್ಚರ ಇದರ ಹಿಂದಿದೆ. 19ನೆಯ ಶತಮಾನದ ಕೊನೆಯ ಸರ್ಕಾರಿ ನಿಯಮಗಳು ರೂಪಿಸಿದ ಈ ವಿನ್ಯಾಸ ಕಾಂಕ್ರೀಟು ಬಂದ ಮೇಲೂ ಮುಂದುವರಿಯಿತು. ವಿದ್ಯುತ್ ದೀಪವಿಲ್ಲದ ಕಾಲದ ಮಗುವಿನ ಕಣ್ಣು ಇಡೀ ಕಟ್ಟಡದ ದಿಕ್ಕನ್ನು ನಿರ್ಧರಿಸಿತ್ತು.

ಅಂಗಳದ ಮೂಲೆಯಲ್ಲಿ ಸೌದೆಯ ಹೊರೆ ಹೊತ್ತು, ನಡೆಯುತ್ತಲೇ ಪುಸ್ತಕ ಓದುತ್ತಿರುವ ಹುಡುಗನ ಪ್ರತಿಮೆ ಸಿಗುವುದುಂಟು. ಆತ ನಿನೊಮಿಯಾ ಕಿಂಜಿರೊ. 1787ರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿ, ಮುಂದೆ ಗ್ರಾಮ ಸುಧಾರಕನಾಗಿ ಹೆಸರಾದವನು. ಮಕ್ಕಳಿಗೆ ಶ್ರಮ ಮತ್ತು ವಿಧೇಯತೆಯ ಮಾದರಿಯಾಗಿ ಆತನ ಪ್ರತಿಮೆಗಳು 1930ರ ದಶಕದಲ್ಲಿ ದೇಶದ ತುಂಬ ಎದ್ದವು. ಯುದ್ಧ ಜೋರಾದಾಗ ಲೋಹದ ಕೊರತೆಯಿಂದ ಕಂಚಿನ ಪ್ರತಿಮೆಗಳನ್ನು ಕರಗಿಸಲು ಕೊಂಡೊಯ್ಯಲಾಯಿತು. ಇಂದು ಕೆಲವು ಅಂಗಳಗಳಲ್ಲಿ ಪೀಠ ಮಾತ್ರ ಇದೆ, ಕೆಲವೆಡೆ ಕಲ್ಲಿನ ಇಲ್ಲವೆ ಸಿಮೆಂಟಿನ ಹುಡುಗ ನಿಂತಿದ್ದಾನೆ. ಚಕ್ರವರ್ತಿಯ ಭಾವಚಿತ್ರವನ್ನೂ 1890ರ ಶಿಕ್ಷಣ ರಾಜಾಜ್ಞೆಯ ಪ್ರತಿಯನ್ನೂ ಇಡಲು ಶಾಲೆಗಳಲ್ಲಿ ಗುಡಿಯಂಥ ಒಂದು ಪುಟ್ಟ ಕಟ್ಟಡವಿರುತ್ತಿತ್ತು. ಮಕ್ಕಳು ಅದರ ಮುಂದೆ ತಲೆಬಾಗಿಯೇ ಹೋಗಬೇಕಿತ್ತು. 1945ರ ಸೋಲಿನ ನಂತರ ಅವುಗಳಲ್ಲಿ ಬಹುತೇಕ ನೆಲಸಮವಾದವು. ಒಂದೇ ಅಂಗಳ ಒಂದು ಕಾಲಕ್ಕೆ ಸೈನಿಕರನ್ನೂ ಇನ್ನೊಂದು ಕಾಲಕ್ಕೆ ನಾಗರಿಕರನ್ನೂ ತಯಾರು ಮಾಡಿತು ಎಂಬುದಕ್ಕೆ ಇವು ಸಾಕ್ಷಿ.

ಬಹುತೇಕ ಶಾಲೆಗಳಲ್ಲಿ ಈಜುಕೊಳ ಇರುವುದೇಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. 1955ರ ಮೇ 11ರಂದು ಸೆತೊ ಒಳಸಮುದ್ರದಲ್ಲಿ 'ಶಿಉನ್ ಮಾರು' ಎಂಬ ಹಡಗು ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಸತ್ತ 168 ಮಂದಿಯಲ್ಲಿ 100 ಮಂದಿ ಶಾಲಾ ಪ್ರವಾಸ ಹೊರಟಿದ್ದ ಮಕ್ಕಳು. ಶಾಲೆಗಳಲ್ಲಿ ಈಜು ಕಲಿಸಬೇಕು ಎಂಬ ಒತ್ತಾಯ ದೇಶವ್ಯಾಪಿಯಾಗಲು, ಶಾಲೆ ಶಾಲೆಗೂ ಕೊಳ ಬರಲು ಈ ದುರಂತ ದೊಡ್ಡ ಕಾರಣವಾಯಿತು. ಪಾಚಿಗಟ್ಟಿದ ಕೊಳಗಳ ತಳದಲ್ಲಿ ಆ ನೂರು ಮಕ್ಕಳ ನೆನಪೂ ಇದೆ.

ಸಾಹಸ, ಭಯ ಮತ್ತು ಕಾನೂನು

ಪಾಳು ಶಾಲೆ ಎಂದೊಡನೆ ದೆವ್ವದ ಕಥೆ ಹುಟ್ಟದೆ ಇರುತ್ತದೆಯೇ? ಪ್ರತಿ ಶಾಲೆಗೂ 'ಏಳು ರಹಸ್ಯ'ಗಳಿರುತ್ತವೆ ಎಂಬುದು ಜಪಾನಿನ ಮಕ್ಕಳ ನಂಬಿಕೆ. ರಾತ್ರಿ ತಾನೇ ನುಡಿಯುವ ಪಿಯಾನೊ, ಎಣಿಸಿದಾಗ ಒಂದು ಹೆಚ್ಚಾಗುವ ಮೆಟ್ಟಿಲು, ಶೌಚಾಲಯದ ಹುಡುಗಿ ಹನಾಕೊ ಇವರೆಲ್ಲ ಮನೆಮಾತು. ಈ ಕಥೆಗಳನ್ನಾಧರಿಸಿ 1995ರಲ್ಲಿ ಬಂದ ಚಲನಚಿತ್ರದ ಮುಂದಿನ ಭಾಗಗಳೂ ತೆರೆ ಕಂಡವು.

ನಿಜವಾದ ಅಪಾಯ ದೆವ್ವದ್ದಲ್ಲ. ಗೆದ್ದಲು ತಿಂದ ಮರದ ನೆಲ, ಕುಸಿಯುವ ಚಾವಣಿ, ಹಳೆಯ ಕಟ್ಟಡಗಳಲ್ಲಿ ಬಳಸಿದ ಕಲ್ನಾರಿನ ಧೂಳು, ಕಣಜದ ಗೂಡು, ಗುಡ್ಡದ ಕರಡಿ ಇವೇ ನಿಜವಾದ ಭಯ. ಬೀಗ ಹಾಕಿದ, ಯಾರದೋ ಉಸ್ತುವಾರಿಯಲ್ಲಿರುವ ಕಟ್ಟಡಕ್ಕೆ ನುಗ್ಗಿದರೆ ಜಪಾನಿನ ದಂಡ ಸಂಹಿತೆಯ 130ನೆಯ ವಿಧಿಯನ್ವಯ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ಯೆನ್‌ವರೆಗೆ ದಂಡ. ಕಾವಲಿಲ್ಲದ ಖಾಲಿ ಕಟ್ಟಡದಲ್ಲಿ ಕಾರಣವಿಲ್ಲದೆ ಅಡಗಿರುವುದನ್ನೂ 1948ರ ಲಘು ಅಪರಾಧಗಳ ಕಾನೂನು ತಪ್ಪೆಂದು ಹೇಳುತ್ತದೆ. ಏನನ್ನೂ ಒಯ್ಯಬಾರದು, ಏನನ್ನೂ ಮುರಿಯಬಾರದು, ಜಾಗದ ವಿಳಾಸ ಹಂಚಬಾರದು ಎಂಬ ಅಲಿಖಿತ ನಿಯಮ ಹವ್ಯಾಸಿಗಳಲ್ಲಿದೆ. ಆದರೆ ಅನುಮತಿ ಕೇಳದೆ ಒಳಹೋಗುವುದನ್ನು ಆ ನಿಯಮ ಸಕ್ರಮಗೊಳಿಸುವುದಿಲ್ಲ. ಹವ್ಯಾಸಿಗೆ ಅದು ಪಾಳುಕಟ್ಟಡ. ಪಕ್ಕದ ಮನೆಯ ಅಜ್ಜಿಗೆ ಅದು ತಾನು ಓದಿದ ಶಾಲೆ.

ಕೆಡವುವುದೋ, ಉಳಿಸುವುದೋ

ಬೇಡವಾದ ಕಟ್ಟಡವನ್ನು ಕೆಡವಬಾರದೇಕೆ? ಕೆಡವಲು ಹಣ ಬೇಕು, ಜನ ಕಡಿಮೆಯಾದ ಊರಿನ ಬೊಕ್ಕಸದಲ್ಲಿ ಅದಿಲ್ಲ. ಕೇಂದ್ರದ ಅನುದಾನದಲ್ಲಿ ಕಟ್ಟಿದ ಶಾಲೆಯನ್ನು ಅವಧಿಗೆ ಮುನ್ನ ಬೇರೆ ಕೆಲಸಕ್ಕೆ ಕೊಟ್ಟರೆ ಅನುದಾನ ಹಿಂತಿರುಗಿಸಬೇಕೆಂಬ ನಿಯಮವೂ ಬಹುಕಾಲ ಕೈಕಟ್ಟಿತ್ತು. ಕ್ರಮೇಣ ಅದು ಸಡಿಲವಾಯಿತು. ಭೂಕಂಪ, ಪ್ರವಾಹದ ಸಮಯದಲ್ಲಿ ಆಶ್ರಯಕ್ಕೆ ಗೊತ್ತುಪಡಿಸಿದ ಜಾಗವೂ ಅನೇಕ ಕಡೆ ಶಾಲೆಯೇ. ಎಲ್ಲಕ್ಕಿಂತ ಮಿಗಿಲಾಗಿ, ಕೆಡವಿ ಎಂದು ಹೇಳಲು ಊರಿನವರಿಗೆ ಬಾಯಿ ಬರುವುದಿಲ್ಲ.

2010ರಲ್ಲಿ ಶಿಕ್ಷಣ ಸಚಿವಾಲಯ 'ಎಲ್ಲರ ಹೈಕೋ' ಎಂಬ ಯೋಜನೆ ಆರಂಭಿಸಿ, ಖಾಲಿ ಶಾಲೆಗಳ ಪಟ್ಟಿ ಪ್ರಕಟಿಸಿ, ಬಳಸಲು ಬಯಸುವವರಿಗೂ ಸ್ಥಳೀಯ ಆಡಳಿತಕ್ಕೂ ನಡುವೆ ಕೊಂಡಿಯಾಯಿತು. ಫಲಿತಾಂಶಗಳು ಕುತೂಹಲಕರ. ಕೋಚಿ ಪ್ರಾಂತ್ಯದ ಮುರೊಟೊದಲ್ಲಿ 2006ರಲ್ಲಿ ಮುಚ್ಚಿದ ಶಾಲೆ 2018ರಲ್ಲಿ ಮತ್ಸ್ಯಾಲಯವಾಯಿತು. ಮಕ್ಕಳು ಈಜುತ್ತಿದ್ದ 25 ಮೀಟರ್ ಕೊಳದಲ್ಲಿ ಈಗ ಶಾರ್ಕ್ ಮೀನು, ಕಡಲಾಮೆಗಳು ಈಜುತ್ತವೆ. ಚಿಬಾ ಪ್ರಾಂತ್ಯದ ಹೊತಾ ಶಾಲೆ 2014ರಲ್ಲಿ ಮುಚ್ಚಿ, ಮರುವರ್ಷ ಹೆದ್ದಾರಿ ಪ್ರಯಾಣಿಕರ ತಂಗುದಾಣವಾಯಿತು. ತರಗತಿಗಳಲ್ಲಿ ಹಾಸಿಗೆ, ವ್ಯಾಯಾಮ ಶಾಲೆಯಲ್ಲಿ ತರಕಾರಿ ಮಾರುಕಟ್ಟೆ. ಸಾದೊ ದ್ವೀಪದ ಶಾಲೆಯೊಂದರಲ್ಲಿ 2014ರಿಂದ ಅಕ್ಕಿಯ ಮದ್ಯ 'ಸಾಕೆ' ತಯಾರಾಗುತ್ತಿದೆ. ಒಲೆಯ ಹಣದಿಂದ ಹುಟ್ಟಿದ ಕ್ಯೋಟೊದ ಶಾಲೆಗಳಲ್ಲಿ ಒಂದಾದ ತತ್ಸುಯಿಕೆ 1995ರಲ್ಲಿ ಮುಚ್ಚಿ, 2006ರಲ್ಲಿ ಮಾಂಗಾ ಚಿತ್ರಕಥೆಗಳ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು.

ಎಲ್ಲ ಊರಿಗೂ ಪ್ರವಾಸಿಗರು ಬರುವುದಿಲ್ಲ. ಶಿಕೊಕು ದ್ವೀಪದ ಇಯಾ ಕಣಿವೆಯ ನಗೊರೊ ಎಂಬ ಪುಟ್ಟ ಹಳ್ಳಿಯ ಶಾಲೆ 2012ರಲ್ಲಿ ಮುಚ್ಚಿತು. ಕೊನೆಗೆ ಉಳಿದಿದ್ದವರು ಇಬ್ಬರೇ ಮಕ್ಕಳು. ಊರು ಬಿಟ್ಟವರ, ತೀರಿಕೊಂಡವರ ನೆನಪಿಗೆ ಆಳೆತ್ತರದ ಬಟ್ಟೆ ಬೊಂಬೆಗಳನ್ನು ಮಾಡಿ ನಿಲ್ಲಿಸುವ ತ್ಸುಕಿಮಿ ಅಯಾನೊ ಎಂಬ ಮಹಿಳೆ ಆ ಹಳ್ಳಿಯಲ್ಲಿದ್ದಾರೆ. ಹಕ್ಕಿ ಬೆದರಿಸಲು ತಂದೆಯನ್ನೇ ಹೋಲುವ ಬೆರ್ಚಪ್ಪ ಮಾಡಿದ್ದರಿಂದ ಆರಂಭವಾದ ಕೆಲಸವದು. ಈಗ ಊರಿನಲ್ಲಿ ಜನರಿಗಿಂತ ಬೊಂಬೆಗಳೇ ಹಲವು ಪಟ್ಟು ಹೆಚ್ಚು. ಶಾಲೆಯ ಕೊಠಡಿಯಲ್ಲೂ ಬೊಂಬೆ ಮಕ್ಕಳು ಡೆಸ್ಕುಗಳ ಮುಂದೆ ಕೂತಿದ್ದಾರೆ, ಕರಿಹಲಗೆಯ ಬಳಿ ಬೊಂಬೆ ಶಿಕ್ಷಕರಿದ್ದಾರೆ.

ಎರಡು ಶಾಲೆ, ಎರಡು ಪಾಠ

ಉಳಿಸಬೇಕೋ ಬೇಡವೋ ಎಂಬ ಪ್ರಶ್ನೆ ಅತ್ಯಂತ ನೋವಿನಿಂದ ಎದುರಾದುದು 2011ರ ಮಾರ್ಚ್ 11ರ ಸುನಾಮಿಯ ನಂತರ. ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆ ಸಮುದ್ರದಿಂದ ಸುಮಾರು ನಾಲ್ಕು ಕಿಲೋಮೀಟರ್ ಒಳಗೆ, ಕಿತಾಕಾಮಿ ನದಿಯ ದಡದಲ್ಲಿತ್ತು. ಭೂಕಂಪದ ನಂತರ ನೀರು ಬರುವವರೆಗೆ ಸುಮಾರು 50 ನಿಮಿಷಗಳ ಸಮಯವಿತ್ತು. ಶಾಲೆಯ ಹಿಂದೆಯೇ ಗುಡ್ಡವಿತ್ತು. ಆದರೆ ಮಕ್ಕಳನ್ನು ಬಹುಹೊತ್ತು ಅಂಗಳದಲ್ಲೇ ನಿಲ್ಲಿಸಲಾಗಿತ್ತು. 74 ಮಕ್ಕಳು, 10 ಮಂದಿ ಶಿಕ್ಷಕರು ಹಾಗೂ ಸಿಬ್ಬಂದಿ ಬಲಿಯಾದರು. ಹೆತ್ತವರು ಹೂಡಿದ ದಾವೆಯಲ್ಲಿ, ಮುನ್ನೆಚ್ಚರಿಕೆ ಸಾಲದಾಗಿತ್ತು ಎಂದು ಉಚ್ಚ ನ್ಯಾಯಾಲಯ 2018ರಲ್ಲಿ ನೀಡಿದ ತೀರ್ಪು 2019ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅಂತಿಮವಾಯಿತು.

ಆ ಕಟ್ಟಡವನ್ನು ಏನು ಮಾಡಬೇಕು? ಅದನ್ನು ಕಂಡಾಗಲೆಲ್ಲ ಎದೆ ಒಡೆಯುತ್ತದೆ, ಕೆಡವಿಬಿಡಿ ಎಂದರು ಮಕ್ಕಳನ್ನು ಕಳೆದುಕೊಂಡ ಕೆಲವು ತಂದೆ ತಾಯಂದಿರು. ಮಕ್ಕಳು ಬದುಕಿದ್ದ ಜಾಗ ಅದೊಂದೇ, ಉಳಿಸಿ ಎಂದರು ಇನ್ನು ಕೆಲವರು. ಅಲ್ಲಿ ಓದಿದ ಹಿರಿಯ ಮಕ್ಕಳೂ ಉಳಿಸಬೇಕೆಂದು ದನಿ ಎತ್ತಿದರು. ಎರಡೂ ಕಡೆಯ ಮಾತಿನಲ್ಲಿ ಇದ್ದುದು ಒಂದೇ ಪ್ರೀತಿ. 2016ರಲ್ಲಿ ನಗರಾಡಳಿತ ಉಳಿಸಲು ನಿರ್ಧರಿಸಿತು. 2021ರಿಂದ ಅದು ಸ್ಮಾರಕವಾಗಿ ತೆರೆದಿದೆ.

ಫುಕುಶಿಮಾ ಪ್ರಾಂತ್ಯದ ನಮಿಯೆ ಊರಿನ ಉಕೆದೊ ಶಾಲೆ ಕಡಲಿಗೆ ಇನ್ನೂ ಹತ್ತಿರ, ಸುಮಾರು 300 ಮೀಟರ್ ದೂರದಲ್ಲಿತ್ತು. ಅಲ್ಲಿನ ಶಿಕ್ಷಕರು ತಡಮಾಡದೆ, ಶಾಲೆಯಲ್ಲಿದ್ದ ಎಲ್ಲ ಮಕ್ಕಳನ್ನೂ ಒಂದೂವರೆ ಕಿಲೋಮೀಟರ್ ಆಚೆಯ ಗುಡ್ಡದತ್ತ ನಡೆಸಿದರು. ಒಂದು ಮಗುವೂ ಸಾಯಲಿಲ್ಲ. ಆದರೆ ಸಮೀಪದ ಅಣು ವಿದ್ಯುತ್ ಸ್ಥಾವರದ ದುರಂತದಿಂದಾಗಿ ಮರುದಿನವೇ ಜನ ಮನೆ ಬಿಟ್ಟು ಹೊರಡಬೇಕಾಯಿತು. ಆ ಶಾಲೆಯೂ 2021ರ ಅಕ್ಟೋಬರಿನಿಂದ ಸ್ಮಾರಕ. ಕಿತ್ತುಹೋದ ನೆಲ, ಬಾಗಿದ ಕಬ್ಬಿಣ, ರಕ್ಷಣಾ ಕಾರ್ಯಕ್ಕೆ ಬಂದವರು ಕರಿಹಲಗೆಯ ಮೇಲೆ ಬರೆದ ಧೈರ್ಯದ ಮಾತುಗಳು ಹಾಗೆಯೇ ಇವೆ. ಒಂದು ಶಾಲೆ ತಡ ಮಾಡಿದರೆ ಏನಾಗುತ್ತದೆ ಎಂದು ಹೇಳುತ್ತದೆ, ಇನ್ನೊಂದು ತಕ್ಷಣ ಹೊರಟರೆ ಏನು ಉಳಿಯುತ್ತದೆ ಎಂದು ಹೇಳುತ್ತದೆ. ಮಕ್ಕಳಿಲ್ಲದಿದ್ದರೂ ಎರಡೂ ಕಟ್ಟಡಗಳು ಪಾಠ ನಿಲ್ಲಿಸಿಲ್ಲ.

ಕನ್ನಡಕ್ಕೂ ಬಂದಿರುವ 'ತೊತ್ತೋಚಾನ್' ಪುಸ್ತಕ ಓದಿದವರಿಗೆ ರೈಲು ಬೋಗಿಗಳಲ್ಲಿ ನಡೆಯುತ್ತಿದ್ದ ಟೊಮೊಯೆ ಶಾಲೆಯ ನೆನಪಿರಬಹುದು. 1945ರ ವಾಯುದಾಳಿಯಲ್ಲಿ ಸುಟ್ಟುಹೋದ ಆ ಶಾಲೆಯ ಒಂದು ಹಲಗೆಯೂ ಉಳಿದಿಲ್ಲ. ಅಲ್ಲಿ ಓದಿದ ಕುರೊಯನಾಗಿ ತೆತ್ಸುಕೊ ಬರೆದ ಪುಸ್ತಕದಿಂದ, 1981ರಿಂದೀಚೆಗೆ ಜಗತ್ತಿನಾದ್ಯಂತ ಓದುಗರಿಗೆ ಅದು ಪರಿಚಿತ ಶಾಲೆಯಾಗಿದೆ. ಎಲ್ಲ ಶಾಲೆಗೂ ಅಂಥ ಬರಹಗಾರ್ತಿ ಸಿಗುವುದಿಲ್ಲ. ಹೆಚ್ಚಿನವಕ್ಕೆ ಉಳಿದಿರುವುದು ಕಟ್ಟಡ ಮತ್ತು ಅಲ್ಲಿ ಓದಿದ ಒಂದಷ್ಟು ವೃದ್ಧರ ನೆನಪು ಮಾತ್ರ. ಶಾಲೆಯನ್ನು ಮುಚ್ಚುವ ದಿನ ಊರಿನವರೆಲ್ಲ ಸೇರಿ ಶಾಲಾಗೀತೆಯನ್ನು ಕೊನೆಯ ಬಾರಿ ಹಾಡಿ, ಶಾಲೆಯ ಧ್ವಜವನ್ನು ಹಿಂತಿರುಗಿಸುವುದು ಜಪಾನಿನ ಪದ್ಧತಿ. ಎಷ್ಟೋ ಹಳ್ಳಿಗಳಲ್ಲಿ ಅಂದು ಹಾಡುವವರ ಸಾಲಿನಲ್ಲಿ ಮಕ್ಕಳಿಗಿಂತ ನರೆಗೂದಲಿನವರೇ ಹೆಚ್ಚು. ಅವರಲ್ಲಿ ಯಾರಿಗೂ ಹಾಡಿನ ಸಾಲು ನೋಡಿಕೊಳ್ಳಲು ಕಾಗದ ಬೇಕಾಗುವುದಿಲ್ಲ.